ಕಾರ್ಡನ್ನು ಉಳಿಸಿ ಹೋದವಳ ಪರವಾಗಿ

ಬಡವರ ಆರೋಗ್ಯ ರಕ್ಷಣಾ ಯೋಜನೆಯ ಮುಖ್ಯಾಧಿಕಾರಿಗಳೇ,

ಮಾನ್ಯರೇ, ನಿಮ್ಮ ಯೋಜನೆ ಇಲ್ಲದೆ ನನ್ನ ಹೆಂಡತಿ ಸಾಯಲಿಲ್ಲ. ಯೋಜನೆ ಇತ್ತು, ಕಾರ್ಡಿತ್ತು, ಕಾರ್ಡಿನಲ್ಲಿ ನಮ್ಮ ಮೂವರ ಫೋಟೋ ಇತ್ತು. ಅದನ್ನು ಹೇಗೆ ಬಳಸಬೇಕೆಂದು ಅವಳಿಗೆ ಯಾರೂ ಬಿಡಿಸಿ ಹೇಳಲಿಲ್ಲ, ಅದಕ್ಕೇ ಸತ್ತಳು. ದೂರು ಇಷ್ಟೇ. ಕೆಲಸದ ಒತ್ತಡವಿದ್ದರೆ ತಾವು ಓದುವುದನ್ನು ಇಲ್ಲಿಗೇ ನಿಲ್ಲಿಸಬಹುದು.

ನಿಲ್ಲಿಸಲಿಲ್ಲವೇ? ದೊಡ್ಡ ಮನಸ್ಸು. ನಾನು ಕ್ಷೌರಿಕ, ಮಾತು ಜಾಸ್ತಿ, ಸಹಿಸಿಕೊಳ್ಳಿ. ಕಾರ್ಡು ಹಂಚಿದ ದಿನ ನಿಮ್ಮ ಸಿಬ್ಬಂದಿಯೊಬ್ಬರು ಮೈಕು ಹಿಡಿದು, "ಜೋಪಾನವಾಗಿ ಇಟ್ಕೊಳ್ಳಿ, ಕಷ್ಟಕಾಲಕ್ಕೆ ಆಗತ್ತೆ" ಎಂದರು. ಕಾರ್ಡಿನ ಬೆನ್ನ ಮೇಲೆ 'ಕುಟುಂಬ ಸಮುಚ್ಚಯಾಧಾರಿತ ವಾರ್ಷಿಕ ಪರಿಮಿತಿ' ಎಂದು ಅಚ್ಚಾಗಿತ್ತು. ಇದನ್ನು ಬರೆದ ಮಹಾನುಭಾವರು ಮನೆಯಲ್ಲೂ ಹೀಗೇ ಮಾತಾಡುತ್ತಾರೆಯೇ? "ಲೇ, ಸಮುಚ್ಚಯಾಧಾರಿತ ಊಟ ಬಡಿಸು" ಎನ್ನುತ್ತಾರೆಯೇ? ನಮಗಂತೂ ತಲೆಬುಡ ತಿಳಿಯಲಿಲ್ಲ. ತಿಳಿದದ್ದು 'ಜೋಪಾನ' ಎಂಬ ಒಂದೇ ಮಾತು.

ಜೋಪಾನ ಮಾಡುವುದರಲ್ಲಿ ನನ್ನವಳನ್ನು ಮೀರಿಸಿದವರಿಲ್ಲ. ಹೊಸ ಟವೆಲ್ಲು ನೆಂಟರಿಗೆ, ಹಳೆಯದು ನಮಗೆ. ಸೋಪು ಸವೆದು ಚೂರಾದರೂ ಹೊಸ ಸೋಪಿಗೆ ಅಂಟಿಸಿ ಬಳಸುವ ಮನೆ ನಮ್ಮದು. ಕಾರ್ಡೆಂದರೆ ಸರ್ಕಾರ ಕೊಟ್ಟ ಒಂದು ಡಬ್ಬಿ ಎಣ್ಣೆ ಇದ್ದಂತೆ, ಬಗ್ಗಿಸಿದಷ್ಟೂ ಕಡಿಮೆಯಾಗುತ್ತದೆ, ಮುಗಿದರೆ ಮುಗಿಯಿತು ಎಂದು ಅವಳು ಲೆಕ್ಕ ಹಾಕಿದಳು. ನಮ್ಮ ಮಗಳು ಗುಬ್ಬಿಗೆ ಚಿಕ್ಕಂದಿನಿಂದ ಹೃದಯದ ಕವಾಟ ಸರಿಯಿಲ್ಲ, ಮುಂದೆ ಯಾವಾಗಲಾದರೂ ಆಪರೇಷನ್ ಬೇಕಾದೀತು ಎಂದು ಡಾಕ್ಟರು ಹೇಳಿದ್ದರು. ಹಾಗಾಗಿ ಡಬ್ಬಿ ಪೂರ್ತಿ ಗುಬ್ಬಿಯದು ಎಂದು ತೀರ್ಮಾನವಾಯಿತು.

ನನ್ನವಳು ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುತ್ತಿದ್ದಳು. ನೋವು ಬಂದಾಗ ತೊಟ್ಟಿಯ ಅಂಚಿಗೆ ಹೊಟ್ಟೆ ಒತ್ತಿಕೊಂಡು ನಿಲ್ಲುತ್ತಿದ್ದಳಂತೆ, ಜೊತೆಯವಳು ಆಮೇಲೆ ಹೇಳಿದಳು. ನಾನು ಕೇಳಿದರೆ "ಗ್ಯಾಸು". ಆಸ್ಪತ್ರೆಗೆ ಹೋಗೋಣ, ಕಾರ್ಡಿದೆಯಲ್ಲ ಎಂದರೆ ರೇಗುತ್ತಿದ್ದಳು. "ನಂಗೇನು ಧಾಡಿ? ಗುಬ್ಬಿದು ಅದು. ಮುಟ್ಟಿದ್ರೆ ನೋಡು!"

ಕೊನೆಗೆ ತೊಟ್ಟಿಯ ಹತ್ತಿರವೇ ಕುಸಿದು ಬಿದ್ದಳು. ಗರ್ಭಕೋಶದ ಕ್ಯಾನ್ಸರು. ಆಸ್ಪತ್ರೆಯಲ್ಲಿ ನಿಮ್ಮ ಯೋಜನೆಯ ಕಿಟಕಿಯ ಮುಂದೆ ಗಾಲಿಕುರ್ಚಿಯಲ್ಲಿ ಕೂತೇ, ಕಾರ್ಡು ಕೊಡಲು ಕೈ ಬಾರದೆ ಚೌಕಾಸಿಗಿಳಿದಳು. "ಸ್ವಲ್ಪವೇ ಬಳಸಿಕೊಳ್ಳಮ್ಮ, ಮಗಳಿಗೆ ಬೇಕು."

ಒಳಗಿದ್ದ ಹೆಣ್ಣುಮಗಳು ನಕ್ಕಳು, ಪಾಪ, ಸಮಾಧಾನಕ್ಕೆ. "ಅಮ್ಮಾ, ಇದು ವರ್ಷವರ್ಷ ಹೊಸದಾಗಿ ಸಿಗತ್ತೆ. ಬಳಸದೇ ಇದ್ರೆ ಮುಂದಿನ ವರ್ಷಕ್ಕೇನೂ ಕೂಡ್ಕೊಳ್ಳಲ್ಲ."

"ಹಾಗಾದ್ರೆ ನಾನು ಉಳಿಸಿದ್ದು?"

"ಅದು ಉಳಿದಿಲ್ಲಮ್ಮ. ನೀವು ಮೊದಲೇ ಬಂದಿದ್ರೆ..." ಎಂದವಳು ಅರ್ಧಕ್ಕೇ ನಿಲ್ಲಿಸಿದಳು.

ನನ್ನವಳು ನನ್ನ ಕಡೆ ತಿರುಗಿ, "ಎಂಥ ಪೆದ್ದಿ ನೋಡು ನಾನು" ಎಂದಳು. ಅವಳು ಪೆದ್ದಿಯಲ್ಲ, ಸ್ವಾಮಿ. ನಿಮ್ಮ ಇಲಾಖೆಯ ಮಾತನ್ನು ಇಷ್ಟು ಚಾಚೂ ತಪ್ಪದೆ ಪಾಲಿಸಿದ ಇನ್ನೊಬ್ಬ ಪ್ರಜೆಯನ್ನು ತೋರಿಸಿ ನೋಡೋಣ. ಅವಳ ಆ ಒಂದು ಮಾತು ಕೆಲಸದ ನಡುವೆ ಈಗಲೂ ನೆನಪಾಗುತ್ತದೆ. ಗಿರಾಕಿಯ ಕೆನ್ನೆಯ ಮೇಲಿನ ಕತ್ತಿ ತೆಗೆದು ಪಕ್ಕಕ್ಕಿಟ್ಟು, ಹೊರಗೆ ಹೋಗಿ ಅತ್ತು ಬರುತ್ತೇನೆ.

ಚಿಕಿತ್ಸೆಗೆ ಯಾರೂ ನಯಾಪೈಸೆ ಕೇಳಲಿಲ್ಲ, ಅದನ್ನು ಒಪ್ಪುತ್ತೇನೆ. ನರ್ಸಮ್ಮನವರು ಅವಳನ್ನು ಮಗುವಿನಂತೆ ನೋಡಿಕೊಂಡರು. ಆದರೆ ಕಾಯಿಲೆ ಕೈಮೀರಿತ್ತು, ಅವಳು ಉಳಿಯಲಿಲ್ಲ.

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಈಗೇಕೆ ಈ ಪತ್ರ ಎನ್ನುವಿರಾ? ಕೋಟೆಯೊಳಗೆ ಇನ್ನೊಂದು ಜೀವ ಇದೆ. ಗುಬ್ಬಿ ಈಗ ಮೆಟ್ಟಿಲು ಹತ್ತುವಾಗ ನಡುವೆ ಕೂತುಬಿಡುತ್ತಾಳೆ. ಕೇಳಿದರೆ "ಚಪ್ಪಲಿ ಸರಿ ಮಾಡ್ಕೊಳ್ತಿದ್ದೆ" ಎನ್ನುತ್ತಾಳೆ. ಆಸ್ಪತ್ರೆಗೆ ನಡೆಯೇ ಎಂದರೆ, "ಅಮ್ಮನಿಗೆ ಎಷ್ಟು ಖರ್ಚಾಯ್ತೋ ಏನೋ. ಉಳಿದಿದ್ದು ನಿಂಗಿರ್ಲಿ ಅಪ್ಪಾ, ನಿಂಗೂ ವಯಸ್ಸಾಯ್ತು" ಎನ್ನುತ್ತಾಳೆ. ಅದು ಮತ್ತೆ ಸಿಗುತ್ತದೆ ಕಣೇ ಎಂದು ಗೋಗರೆದೆ, ಗದರಿದೆ. ಅವಳು ಹೇಳಿದ್ದು ಇದು: "ನನ್ನ ಸಮಾಧಾನಕ್ಕೆ ಹೇಳ್ತೀಯ. ಅದು ಅಷ್ಟು ಸಲೀಸಾಗಿದ್ದಿದ್ರೆ ಅಮ್ಮ ಯಾಕೆ ಸಾಯ್ತಿದ್ಲು?"

ಇದಕ್ಕೆ ಉತ್ತರ ನಿಮ್ಮಲ್ಲಿದೆಯೇ?

ನನಗೆ ಪರಿಹಾರ ಬೇಡ, ತನಿಖೆ ಬೇಡ, ಸಂತಾಪ ಸೂಚಕ ಸುತ್ತೋಲೆಯಂತೂ ಬೇಡವೇ ಬೇಡ. ನಿಮ್ಮ ಇಲಾಖೆಯ ಬಿಲ್ಲೆ ಹಾಕಿಕೊಂಡ ಒಬ್ಬರನ್ನು ಈ ವಾರವೇ ನಮ್ಮ ಮನೆಗೆ ಕಳಿಸಿ, ವಿಳಾಸ ಲಕೋಟೆಯ ಮೇಲಿದೆ. ಅವರು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಮನೆಮಾತಿನಲ್ಲಿ ನನ್ನ ಮಗಳಿಗೆ ಹೇಳಲಿ: "ಇದು ವರ್ಷವರ್ಷ ಸಿಗತ್ತಮ್ಮ, ಉಳಿಸಬೇಡ, ನಿನಗೆ ಹುಷಾರಿಲ್ಲ, ಬಾ ಹೋಗೋಣ." ಆಮೇಲೆ ಪಕ್ಕದ ಮನೆಗೂ, ಅದರಾಚೆಯ ಮನೆಗೂ ಹೋಗಿ ಇದನ್ನೇ ಹೇಳಲಿ. ಆದರೆ ಮೊದಲು ನಮ್ಮ ಮನೆಗೆ ಬರಲಿ, ದಯವಿಟ್ಟು.

ಇಂತಿ,
ಸ್ವಂತ ಮಗಳೂ ನಂಬದ ಒಬ್ಬ ಕ್ಷೌರಿಕ