ಗುಂಡಿ ಡಬ್ಬಿಯಲ್ಲಿದ್ದ ಲಿವರ್ ರಿಪೋರ್ಟು

ದಾವಣಗೆರೆ
ಫೆಬ್ರವರಿ ೩೦, ೨೧೦೯

ಮುತ್ತಜ್ಜ ಹಾಲೇಶಪ್ಪನವರಿಗೆ ನಿಮ್ಮ ಮರಿಮಗ ಬಕ್ಕೇಶನ ನಮಸ್ಕಾರಗಳು.

ತಾರೀಖು ತಪ್ಪು ಬರೆದಿದ್ದಾನೆ ಎಂದುಕೊಳ್ಳಬೇಡಿ. ನಮ್ಮ ಕಾಲದಲ್ಲಿ ಕ್ಯಾಲೆಂಡರನ್ನು ತಿದ್ದಿ ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ನನ್ನ ಮಾತುಗಳಲ್ಲಿ ನಿಮಗೆ ವಿಚಿತ್ರವೆನಿಸುವವು ಬಂದರೆ ಕ್ಷಮಿಸಿ. ಈ ಕಾಗದ ಬರುತ್ತಿರುವುದು ಹಿಂದಂಚೆಯಲ್ಲಿ. ಕಳೆದುಹೋದ ಕಾಲಕ್ಕೆ ಒಬ್ಬರು ಒಂದೇ ಒಂದು ಕಾಗದ ಕಳಿಸಬಹುದಾದ ಅಂಚೆ ಅದು. ತಲುಪುತ್ತದೆಯೇ ಎಂದು ಅಂಚೆಕಚೇರಿಯ ಗುಮಾಸ್ತರನ್ನು ಕೇಳಿದೆ. "ಇಲ್ಲೀತನ್ಕ ಯಾವ್ದೂ ವಾಪಸ್ ಬಂದಿಲ್ಲ ಸರ್, ಮುಟ್ಟಿರ್ಬೇಕು" ಅಂದರು. ಅದು ಧೈರ್ಯದ ಮಾತೋ ಅಲ್ಲವೋ ನನಗೆ ತಿಳಿಯಲಿಲ್ಲ. ಈ ಒಂದು ವರ್ಷದಿಂದ ನನಗೆ ತಿಳಿಯದ ವಿಷಯಗಳೇ ಹೆಚ್ಚು.

ನಾನು ನಿಮ್ಮ ಮಗಳು ವಿಶಾಲಾ ಅವರ ಮೊಮ್ಮಗ. ನಿಮ್ಮ ಈ ೨೦೨೬ರಲ್ಲಿ ಆಕೆ ಇನ್ನೂ ಹೈಸ್ಕೂಲು ಹುಡುಗಿ. ಆಕೆಯ ಮಗಳು ಇಂಚರಮ್ಮ, ನನ್ನ ತಾಯಿ, ಈಗ ಎಪ್ಪತ್ತೊಂದರ ಮುದುಕಿ. ನನಗೆ ನಲವತ್ನಾಲ್ಕು. ನನ್ನದು ಗಾಳಿದಾರಿ ಕಾಯುವ ಕೆಲಸ. ಸಾಮಾನು ಹೊತ್ತು ಹಾರುವ ಪೆಟ್ಟಿಗೆಗಳು ಊರ ಮೇಲೆ ಒಂದಕ್ಕೊಂದು ಬಡಿಯದಂತೆ ಪರದೆಯ ಮುಂದೆ ಕೂತು ನೋಡಿಕೊಳ್ಳಬೇಕು. ಎಂಟು ತಾಸು ಕೂತದ್ದು ಕೂತ ಹಾಗೇ. ಕುರ್ಚಿಯ ಕೈಯಲ್ಲೇ ಒಂದು ನಲ್ಲಿ ಇರುತ್ತದೆ. ತಿರುಗಿಸಿದರೆ ಹುರುಪುನೀರು ಬರುತ್ತದೆ. ನಿದ್ದೆ ಬಾರದಿರಲೆಂದು ಕಚೇರಿಯೇ ಕೊಡುವ ಸಿಹಿನೀರು ಅದು. ದಿನಕ್ಕೆ ಹತ್ತು ಲೋಟ ಕುಡಿಯುತ್ತಿದ್ದೆ. ನೀವು ಹೊಲಿಗೆ ಯಂತ್ರದ ಮುಂದೆ ಕೂತು ಗಂಟೆಗೊಂದು ಟೀ ಕುಡಿಯುತ್ತಿದ್ದಿರಂತೆ, ಸಕ್ಕರೆ ಜಾಸ್ತಿ ಹಾಕಿಸಿಕೊಂಡು. ಅಮ್ಮ ಹೇಳಿದಳು.

ವರ್ಷಕ್ಕೊಮ್ಮೆ ನಾವೆಲ್ಲ ಒಡಲುಗನ್ನಡಿಯ ಎದುರು ನಿಲ್ಲಬೇಕು. ಮೈಯೊಳಗಿನ ಅಂಗಗಳನ್ನು ತೋರಿಸುವ ಹಲಗೆ ಅದು. ಹೋದ ವರ್ಷ ನಾನು ನಿಂತಾಗ ನನ್ನ ಲಿವರ್ ಹಳದಿಯಾಗಿ ಕಂಡಿತು. ಕೊಬ್ಬು ತುಂಬಿದ್ದರೆ ಆ ಬಣ್ಣ. ನನಗೆ ನೋವಿರಲಿಲ್ಲ, ಸುಸ್ತು ಸಹ ಇರಲಿಲ್ಲ. ನಾನು ಮನೆಗೆ ಬರುವುದರೊಳಗೆ ಫಲಿತಾಂಶ ಮನೆಯ ಗೋಡೆಯ ಮೇಲೆ ಮೂಡಿತ್ತು. ನಮ್ಮಲ್ಲಿ ಕಾಗದಪತ್ರವೆಲ್ಲ ಗೋಡೆಗೇ ಬರುತ್ತದೆ. ಅಮ್ಮ ಅದರ ಮುಂದೆ ನಿಂತು ಅಳುತ್ತಿದ್ದಳು.

"ಕುಡಿತೀಯೇನಪ್ಪ? ಖರೇ ಹೇಳ್ಬಿಡು. ನಾನು ಯಾರ ಮುಂದೂ ಬಾಯಿ ಬಿಡಲ್ಲ."

ನಾನು ಹೆಂಡ ಮುಟ್ಟಿದವನಲ್ಲ. ನನ್ನ ಹೆಂಡತಿ ಮಿಥಿಲಾ ನನ್ನ ಪರವಾಗಿ ಮಾತಾಡಿದಳು ನಿಜ, ಆದರೆ ಆ ವಾರವಿಡೀ ನಾನು ಒಳಗೆ ಬಂದ ಕೂಡಲೇ ಅವಳು ಒಮ್ಮೆ ಉಸಿರೆಳೆದುಕೊಂಡು ಮೂಸುವುದನ್ನು ಕಂಡೆ. ಅವಳ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ನನಗೇ ನನ್ನ ಮೇಲೆ ಅನುಮಾನ ಹುಟ್ಟಿತ್ತು.

ಆಮೇಲೆ ಸಲಹೆಗಳು ಶುರುವಾದವು. ಪಕ್ಕದ ಮನೆಯವರು ತುಪ್ಪ ಬಿಡು ಅಂದರು. ಭಾವಮೈದುನ ತುಪ್ಪವನ್ನೇ ತಿನ್ನು, ಅನ್ನ ಬಿಡು ಅಂದ. ಕಚೇರಿಯಲ್ಲಿ ನನಗಿಂತ ದಪ್ಪಗಿರುವ ಇಬ್ಬರ ಲಿವರ್ ಚೊಕ್ಕವಾಗಿತ್ತು, ಕಡ್ಡಿಯಂತಿದ್ದ ಒಬ್ಬನಿಗೆ ನನ್ನ ಹಾಗೇ ಹಳದಿ. ಯಾರನ್ನು ನಂಬುವುದು? ಕೊನೆಗೆ ಯಾರೋ ಕೊಟ್ಟ, ಲಿವರ್ ತೊಳೆಯುತ್ತದೆ ಎಂಬ ಕಹಿ ಪುಡಿಯನ್ನು ಕಲಸಿ ಕುಡಿಯುತ್ತ, ಇಪ್ಪತ್ತು ದಿನ ಹೆಚ್ಚುಕಡಿಮೆ ಉಪವಾಸ ಬಿದ್ದೆ. ಇಪ್ಪತ್ತೊಂದನೇ ದಿನ ಪರದೆಯ ಮುಂದೆ ಕಣ್ಣು ಕತ್ತಲಿಟ್ಟು ಕುರ್ಚಿಯಿಂದ ಬಿದ್ದೆ. ಎಚ್ಚರವಾದಾಗ ಆಸ್ಪತ್ರೆಯಲ್ಲಿದ್ದೆ. ಕಣ್ಣು ಅರಿಶಿನದಂತಾಗಿತ್ತು.

ಡಾಕ್ಟರ್ ರೆಹನಾ ಪುಡಿಯ ಪೊಟ್ಟಣವನ್ನು ಬೆಳಕಿಗೆ ಹಿಡಿದು ನೋಡಿದರು. "ಇದ್ದ ಕಾಯಿಲೆ ನಿಮಗೇನೂ ಮಾಡಿರ್ಲಿಲ್ಲ. ಈ ಔಷಧಿ ಮಾಡ್ತು ನೋಡ್ರಿ" ಅಂದರು. ಅಮ್ಮ ಅಲ್ಲೇ ಇದ್ದಳು. ತಡೆಯಲಾರದೆ ಕೇಳಿಯೇಬಿಟ್ಟಳು: "ಕುಡೀದೆ ಇದ್ರೆ ಲಿವರ್ ಹೆಂಗೆ ಕೆಡ್ತದವ್ವ?"

"ಕುಡೀದಿದ್ರೂ ಕೆಡ್ತದಮ್ಮ. ಕೂತಲ್ಲೇ ಕೂರೋದು, ದಿನಾ ಸಿಹಿನೀರು, ಹೊಟ್ಟೆ ಸುತ್ತ ಬೊಜ್ಜು, ಸಕ್ಕರೆ ಕಾಯಿಲೆ. ಕೆಲವ್ರಿಗೆ ಮನೆತನದಿಂದ್ಲೂ ಬರ್ತದೆ. ನಿಮ್ಮನೇಲಿ ಹಿಂದೆ ಯಾರಿಗಾದ್ರೂ ಇತ್ತಾ?"

ಅಮ್ಮ ಎದ್ದು ಹೋಗಿ ಬಾಗಿಲು ಮುಚ್ಚಿ ಬಂದಳು. ಆಮೇಲೆ ನಿಮ್ಮ ಹೆಸರು ಹೇಳಿದಳು. ನಲವತ್ನಾಲ್ಕು ವರ್ಷದಲ್ಲಿ ಆ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು.

ಇದನ್ನು ಬರೆಯಲು ಕೈ ಬರುತ್ತಿಲ್ಲ, ಬರೆಯದೆ ಬೇರೆ ದಾರಿಯೂ ಇಲ್ಲ. ನಿಮ್ಮ ಐವತ್ತೇಳನೇ ವಯಸ್ಸಿಗೆ ಹೊಟ್ಟೆಯಲ್ಲಿ ನೀರು ತುಂಬಿಕೊಂಡಿತು. ಲಿವರ್ ಗಟ್ಟಿಯಾಗಿ ಕಲ್ಲಾಗಿತ್ತಂತೆ. ನೀವು ಹೋದ ಮೇಲೆ ಇಡೀ ಓಣಿ ನಿಮ್ಮನ್ನು ಕದ್ದು ಕುಡಿಯುತ್ತಿದ್ದವರು ಅಂದಿತು. ವಿಶಾಲಾ ಅಜ್ಜಿ ಗಂಡನ ಮನೆಯಲ್ಲಿ ಬದುಕಿರುವವರೆಗೂ ಅಪ್ಪನ ಹೆಸರೆತ್ತಲಿಲ್ಲ. ಕೇಳಿದವರಿಗೆ "ಚಿಕ್ಕೋಳಿದ್ದಾಗ್ಲೇ ಹೋದ್ರು" ಅನ್ನುತ್ತಿದ್ದರಂತೆ. ಕೊನೆಗಾಲದಲ್ಲಿ ಒಮ್ಮೆ, ಅಮ್ಮನೊಬ್ಬಳಿಗೆ ಮಾತ್ರ, ಎಲ್ಲ ಹೇಳಿಕೊಂಡಿದ್ದರಂತೆ.

ಮನೆಗೆ ಬಂದ ಮೇಲೆ ಅಮ್ಮ ಅಜ್ಜಿಯ ಪೆಟ್ಟಿಗೆ ತೆಗೆದಳು. ಅದರಲ್ಲಿ ನಿಮ್ಮ ಅಂಗಡಿಯ ಗುಂಡಿ ಡಬ್ಬಿಯಿತ್ತು. ಗುಂಡಿಗಳ ಅಡಿಯಲ್ಲಿ ಎಂಟು ಮಡಿಕೆಯ ಒಂದು ಕಾಗದ. ಸ್ಕ್ಯಾನಿಂಗ್ ರಿಪೋರ್ಟು, ೨೦೨೬ರದು. ಫ್ಯಾಟಿ ಲಿವರ್, ಗ್ರೇಡ್ ಒನ್. ಕೆಳಗೆ ಡಾಕ್ಟರರ ಕೈಬರಹ: ಮದ್ಯದ ಅಭ್ಯಾಸ ಇಲ್ಲ; ತೂಕ ಇಳಿಸಬೇಕು; ಸಕ್ಕರೆ ಪರೀಕ್ಷೆ ಮಾಡಿಸಬೇಕು; ಆರು ತಿಂಗಳಿಗೆ ಮತ್ತೆ ಬರಬೇಕು. ಅದನ್ನು ನಿಮ್ಮ ಹೆಂಡತಿ ಕೊಟ್ರಮ್ಮನವರು ನಾಚಿಕೆಗೆ ಬಚ್ಚಿಟ್ಟರೋ, ನೀವೇ ಹೆದರಿ ಇಟ್ಟಿರೋ ನನಗೆ ಗೊತ್ತಿಲ್ಲ. ಅಮ್ಮ ಆ ಒಂದು ಸಾಲನ್ನು, ಮದ್ಯದ ಅಭ್ಯಾಸ ಇಲ್ಲ ಎಂಬುದನ್ನು, ಬೆರಳಿಟ್ಟು ಮೂರು ಸಲ ಓದಿದಳು. "ನಮ್ಮವ್ವ ಇದನ್ನ ಬಿಚ್ಚಿ ನೋಡ್ಲೇ ಇಲ್ಲೇನೋ" ಅಂದಳು.

ಆಮೇಲೆ ನಾನು ಮಾಡಿದ್ದು ದೊಡ್ಡ ಸಾಹಸವಲ್ಲ. ನಲ್ಲಿಯನ್ನು ಮುಚ್ಚಿಸಿದೆ. ದಿನಾ ಮುಕ್ಕಾಲು ಗಂಟೆ ಮಿಥಿಲಾಳ ಜೊತೆ ಬಿರಬಿರನೆ ನಡೆದೆ. ತಟ್ಟೆಯಲ್ಲಿ ಅನ್ನ ಅರ್ಧವಾಯಿತು, ಕಾಳು, ಸೊಪ್ಪು ಹೆಚ್ಚಾದವು. ಕಾಫಿಗೆ ಸಕ್ಕರೆ ನಿಲ್ಲಿಸಿದೆ, ಮೊದಮೊದಲು ಕಷಾಯ ಕುಡಿದಂತಿತ್ತು. ಎಂಟು ತಿಂಗಳಲ್ಲಿ ಎಂಬತ್ತೊಂದು ಕೆಜಿ ಎಪ್ಪತ್ನಾಲ್ಕಕ್ಕೆ ಬಂತು, ನಿಧಾನವಾಗಿ. ಅವಸರ ಮಾಡಿದರೆ ಏನಾಗುತ್ತದೆಂದು ನನಗೆ ಗೊತ್ತಿತ್ತಲ್ಲ. ಹೋದ ವಾರ ಒಡಲುಗನ್ನಡಿಯಲ್ಲಿ ಹಳದಿ ಅಂಚಿನಲ್ಲಷ್ಟೇ ಉಳಿದಿತ್ತು. ಪೂರ್ತಿ ಹೋಗುತ್ತದೆಯೇ ಎಂದರೆ ಡಾಕ್ಟರ್ ರೆಹನಾ "ನಡೀತಾ ಇರಿ, ನೋಡೋಣ" ಎನ್ನುತ್ತಾರೆ. ನನಗೆ ಯಾಕೆ ಬಂತು, ನಿಮ್ಮಿಂದ ಬಂತೋ ಆ ನಲ್ಲಿಯಿಂದ ಬಂತೋ, ಈಗಲೂ ಸ್ಪಷ್ಟವಿಲ್ಲ. ಗೊಂದಲ ಇಟ್ಟುಕೊಂಡೇ ನಡೆಯುವುದನ್ನು ಕಲಿತಿದ್ದೇನೆ.

ಈಗ ನನ್ನ ಬಿನ್ನಹ. ಈ ಕಾಗದ ನಿಮಗೆ ಸಿಗುವ ಹೊತ್ತಿಗೆ ರಿಪೋರ್ಟು ಬಂದು ಆರು ತಿಂಗಳಾಗಿರಬೇಕು, ಹಾಗೆ ಲೆಕ್ಕ ಹಾಕಿ ಕಳಿಸುತ್ತಿದ್ದೇನೆ. ಆ ಡಾಕ್ಟರು ಬುಧವಾರ ಬೆಳಿಗ್ಗೆ ಕೂರುತ್ತಾರೆ ಎಂದು ಆ ರಿಪೋರ್ಟಿನ ಮೂಲೆಯಲ್ಲಿ ಅಚ್ಚಾಗಿದೆ. ಆ ಒಂದು ಬೆಳಿಗ್ಗೆ ಅಂಗಡಿ ತೆರೆಯಬೇಡಿ. ಕೊಟ್ರಮ್ಮನವರನ್ನು ಜೊತೆಗೆ ಕರೆದುಕೊಂಡು ಹೋಗಿ, ಡಾಕ್ಟರು ಹೇಳುವುದನ್ನು ಅವರೂ ತಮ್ಮ ಕಿವಿಯಾರೆ ಕೇಳಲಿ. ವಿಶಾಲಾಗೆ ಶಾಲೆ ಇದ್ದರೆ ಒಂದು ದಿನ ಬಿಡಿಸಿ, ಅವಳನ್ನೂ ಕರೆದುಕೊಂಡು ಹೋಗಿ.

ನಿಮ್ಮ,
ಬಕ್ಕೇಶ