ನಿಧಾನವಾಗಿ ಕಲಿಯುವವರ ತರಗತಿಗೆ ಬೀಗ ಜಡಿಸಿದವರಿಗೆ

ವಿಕಲಚೇತನರ ಕಲ್ಯಾಣ ಕಚೇರಿಯ ಮಾನ್ಯ ಮುಖ್ಯಾಧಿಕಾರಿಗಳೇ,

ಬುದ್ಧಿಯ ಬೆಳವಣಿಗೆ ನಿಧಾನವಾದವರು ತಮ್ಮ ಗುರುತಿನ ಚೀಟಿಯನ್ನು ಕಂಪ್ಯೂಟರಿನಲ್ಲೇ ನವೀಕರಿಸಿಕೊಳ್ಳಬೇಕೆಂದು ಆಜ್ಞೆ ಹೊರಡಿಸಿದ ತಾವೇ, ಅವರಿಗೆ ಕಂಪ್ಯೂಟರ್ ಕಲಿಸುತ್ತಿದ್ದ ನಗರದ ಒಂದೇ ತರಗತಿಗೆ ಬೀಗ ಜಡಿಸಿದ್ದೀರಿ. ಈಜು ಕಲಿಸುವವರನ್ನು ಓಡಿಸಿ ಕಲಿಯುವವರನ್ನು ನೀರಿಗೆ ತಳ್ಳುವ ಈ ಚಾತುರ್ಯಕ್ಕೆ ಇನ್ನೂ ಯಾರೂ ಶಾಲು ಹೊದಿಸಿಲ್ಲವೆಂಬುದೇ ನನ್ನ ಆಶ್ಚರ್ಯ.

ನನ್ನ ತಮ್ಮನನ್ನು ತಾವು ನೋಡಿದ್ದೀರಿ. ಮನೆಯಲ್ಲಿ ಅವನನ್ನು ದೊರೆ ಎನ್ನುತ್ತೇವೆ. ತಲೆ ನರೆಯುತ್ತಿದೆ, ಓದು ಮಾತ್ರ ಇನ್ನೂ ಅಕ್ಷರಕ್ಕೆ ಅಕ್ಷರ ಕೂಡಿಸಿಕೊಂಡು. ಆಸ್ಪತ್ರೆಯಲ್ಲಿ ಒಗೆದ ಹೊದಿಕೆಗಳನ್ನು ಮಡಚುವ ಕೆಲಸ. ಆ ತರಗತಿಯ ಟೀಚರಮ್ಮ ಅವನಿಗೆ ಪರದೆಯ ಅಕ್ಷರ ದೊಡ್ಡದು ಮಾಡುವುದು, ಓಡಾಡುವ ಬಾಣವನ್ನು ನಿಧಾನಗೊಳಿಸುವುದು, ಬರೆದದ್ದನ್ನು ಯಂತ್ರದಿಂದಲೇ ಓದಿಸಿಕೊಳ್ಳುವುದು ಕಲಿಸಿದರು. ಒಂದೇ ಪಾಠ ವಾರಗಟ್ಟಲೆ, ಹುಬ್ಬು ಗಂಟಿಕ್ಕದೆ. ಅವನು ತಾನೇ ಒತ್ತಿದ ಹೆಸರನ್ನು ಯಂತ್ರ ಗಟ್ಟಿಯಾಗಿ ಹೇಳಿದ ದಿನ, "ಅಕ್ಕ, ಅದಕ್ಕೆ ನಾನ್ಯಾರು ಅಂತ ಗೊತ್ತು" ಅಂದ.

ಆಮೇಲೆ ತಮ್ಮ ಜಾಲತಾಣ ಬಂತು. ಅರ್ಜಿ ಅರ್ಧ ತುಂಬುವಷ್ಟರಲ್ಲಿ 'ಸಮಯ ಮುಗಿದಿದೆ' ಎಂದು ಎಲ್ಲವನ್ನೂ ಅಳಿಸಿಬಿಡುತ್ತಿತ್ತು. ದೊರೆ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದ, ಅದು ಮತ್ತೆ ಅಳಿಸುತ್ತಿತ್ತು. ತಪ್ಪು ತನ್ನದೇ ಎಂದು ಅವನು ತಲೆ ತಲೆ ಹೊಡೆದುಕೊಳ್ಳತೊಡಗಿದ. ನಾನೇ ತುಂಬಿಕೊಡಬಹುದಿತ್ತಲ್ಲ ಎನ್ನುವಿರಿ. ಕೂತೆ ಕೂಡ. "ನಂದು, ನಾನೇ ಮಾಡ್ತೀನಿ" ಎಂದು ನನ್ನ ಕೈ ಹಿಡಿದ. ಆ ಆಸೆ ಅತಿಯಾಯಿತೇ?

ಜಾಲತಾಣದ ಸಮಯ ಹೆಚ್ಚಿಸಿ ಎಂದು ತಮ್ಮನ್ನು ಕೇಳಲು ಟೀಚರಮ್ಮ ನಮ್ಮಿಬ್ಬರನ್ನೂ ತಮ್ಮ ಕಚೇರಿಗೆ ಕರೆತಂದರು. ತಾವು ಫೋನಿನಿಂದ ಕಣ್ಣೆತ್ತದೆ, "ಇಂಥವ್ರಿಗೆಲ್ಲ ಯಾಕ್ರೀ ಕಂಪ್ಯೂಟರ್?" ಅಂದಿರಿ. ದೊರೆ ಅಲ್ಲೇ ನಿಂತಿದ್ದ. ಅವನಿಗೆ ಅರ್ಥವಾಗುವುದು ತಡವಾದೀತು, ಕಿವಿ ಚೆನ್ನಾಗಿಯೇ ಇದೆ. ಮರುವಾರ 'ಪ್ರಯೋಜನವಿಲ್ಲ' ಎಂಬ ಕಾರಣ ಕೊಟ್ಟು ತರಗತಿ ಮುಚ್ಚಿದಿರಿ. ಚೀಟಿಯ ಅವಧಿ ಮುಗಿಯಿತು. ಚಾಲ್ತಿ ಚೀಟಿಯಿಲ್ಲದೆ ಆ ಮೀಸಲು ಕೆಲಸ ಕೊಡಲಾಗದೆಂದು ಆಸ್ಪತ್ರೆಯವರು ಅವನನ್ನು ಕೆಲಸದಿಂದ ಬಿಡಿಸಿದರು.

ಆದ್ದರಿಂದಲೇ ಹೋದ ವಾರ ತಮ್ಮ ಅಹವಾಲು ಸಭೆಗೆ ನಾನು ಇಡೀ ತರಗತಿಯನ್ನು ಕರೆತಂದೆ, ಪತ್ರಿಕೆಯವರನ್ನೂ ಕರೆದೆ. ಪ್ರತಿಯೊಬ್ಬರೂ ತಮಗೆ ಬೇಕಾದಷ್ಟು ಹೊತ್ತು ತೆಗೆದುಕೊಂಡು ಮಾತಾಡಿದರು. ಒಬ್ಬ ಹೆಂಗಸು ತನ್ನ ಹೆಸರು ಹೇಳಿ ಮುಗಿಸುವಷ್ಟರಲ್ಲಿ ತಾವು ಎರಡು ಲೋಟ ನೀರು ಕುಡಿದಿರಿ. 'ಬೇಗ ಹೇಳಿ' ಎಂಬ ಮಾತು ನಾಲಿಗೆಯ ತುದಿಗೆ ಬಂದು, ಕ್ಯಾಮೆರಾ ಕಂಡು ಹಿಂದೆ ಹೋದದ್ದನ್ನು ನಾವೆಲ್ಲ ನೋಡಿದೆವು. ಊಟದ ಹೊತ್ತು ಮೀರಿದ ಮೇಲೆ ದೊರೆಯ ಸರದಿ. "ನನ್ನ ಕೆಲ್ಸ ಹೋಯ್ತು ಸಾರ್. ನೀವು ಅಳಿಸಿದ್ರಿ" ಅಂದು ಕೂತ. ತಾವು ಮೂರನೇ ಲೋಟಕ್ಕೆ ಕೈ ಚಾಚಿದಿರಿ.

ನ್ಯಾಯ ಕೇಳಲಷ್ಟೇ ಬಂದಿದ್ದೆವು ಎಂದು ಸುಳ್ಳು ಹೇಳಲಾರೆ. ತಾವು ಒದ್ದಾಡುವುದನ್ನು ನೋಡಬೇಕೆಂದೇ ನಾನು ಬಂದಿದ್ದೆ. ಕಣ್ತುಂಬ ನೋಡಿದೆ. ಹೊಟ್ಟೆ ಇನ್ನೂ ತಣ್ಣಗಾಗಿಲ್ಲ.

ತರಗತಿ ತೆರೆಯಿರಿ. ಟೀಚರಮ್ಮನನ್ನು ಮರಳಿ ಕರೆಸಿ. ಆ ಜಾಲತಾಣದ ಕಾಲಮಿತಿ ತೆಗೆಯಿರಿ. ದೊರೆಯ ಕೆಲಸ ವಾಪಸ್ ಕೊಡಿಸಿ. ಕೊನೆಗೆ ನಮ್ಮ ಮನೆಗೆ ಬಂದು, ತಪ್ಪು ಅವನದಲ್ಲ ಎಂದು ಅವನ ಮುಖ ನೋಡಿ, ಅವನಿಗೆ ಅರ್ಥವಾಗುವವರೆಗೆ ಹೇಳಿ. ಅಲ್ಲಿಯವರೆಗೆ ತಮ್ಮ ಪ್ರತಿ ಸಭೆಗೂ ನಾವು ಹಾಜರು. ಹೋದ ಸಲ ಕುರ್ಚಿಗಳು ಸಾಲಲಿಲ್ಲ, ಮುಂದಿನ ಸಲ ಹೆಚ್ಚು ಹಾಕಿಸಿರಿ.

ಇಂತಿ,
ಹಗೆ ಸಾಧಿಸುವುದನ್ನು ಈ ವಯಸ್ಸಿನಲ್ಲಿ ಕಲಿಯಬೇಕಾಗಿ ಬಂದ,
ದೊರೆಯ ಅಕ್ಕ