ಮೂರನೇ ಮರುದನಿ

ನವೆಂಬರ್ 9, 2006. ಮಧ್ಯಾಹ್ನ 3

ಮತ್ತೆ ಚಪ್ಪಾಳೆ. ಮರುದನಿ ಅಳೆಯಲು ನಲವತ್ತು ಸಲ ತಟ್ಟಿ ರೆಕಾರ್ಡ್ ಮಾಡಿದೆ. ಟಿ. ನರಸೀಪುರಕ್ಕೆಲ್ಲ ಮೈಕ್ ಹಾಕುವ ನಮ್ಮ ಓನರ್ ಹುಚ್ಚಯ್ಯನವರ ಎಕೋ ಪೆಟ್ಟಿಗೆ ಸಾಯುತ್ತಿದೆ. ಒಳಗೆ ತುಂಡು ಟೇಪ್ ಸುತ್ತುತ್ತದೆ, ಹಾಡಿದ್ದನ್ನು ಮೂರು ಸಲ ತಿರುಗಿ ಹೇಳುತ್ತದೆ. ಅದೇ ದನಿ ಕಂಪ್ಯೂಟರ್‌ನಿಂದ ಬರಬೇಕು. ನೆಟ್ ಸೆಂಟರ್‌ನಿಂದ ಸಾಫ್ಟ್‌ವೇರ್ ತಂದಿದ್ದೇನೆ, ಹಳೇ ಪೆಟ್ಟಿಗೆಗಳ ನಕಲು. ತೆರೆಯ ಮೇಲೆ ತುಕ್ಕು ಹಿಡಿದ ಸ್ಕ್ರೂಗಳ ಚಿತ್ರ ಕೂಡ!

ಹುಚ್ಚಯ್ಯ ಇಣುಕಿದರು. "ಏನ್ಲಾ, ಪೆಟ್ಗೆ ಮುಂದೆ ಭಜನೆ ಮಾಡ್ತಿದ್ದೀಯಾ?"

ನವೆಂಬರ್ 14

ಬಂತು. ಮಬ್ಬು ದನಿ, ಹಿಂದೆ ಸಣ್ಣ ಕರಕರ... ಥೇಟ್ ಪೆಟ್ಟಿಗೆಯದೇ. ಒಂದೇ ದೋಷ. ಪೆಟ್ಟಿಗೆಯ ಬೆಲ್ಟ್ ಸಡಿಲ, ಮರುದನಿ ಎಳೆದುಕೊಂಡು ಬರುತ್ತದೆ. ಮೂರನೆಯದು ತೀರಾ ತಡ. ಕಂಪ್ಯೂಟರ್‌ನಲ್ಲಿ ಆ ಎಳೆತ ತೆಗೆದುಬಿಟ್ಟೆ. ಹುಚ್ಚಯ್ಯನವರಿಗೆ ಹೇಳಲಿಲ್ಲ. ರಿಪೇರಿ ತಾನೇ.

ನವೆಂಬರ್ 19, ಭಾನುವಾರ

ನಂಜನಗೂಡಿನಲ್ಲಿ ಮದುವೆ. ಪೆಟ್ಟಿಗೆಯ ಬದಲು ಕಂಪ್ಯೂಟರ್ ಆಟೋದಲ್ಲಿ ಒಯ್ದೆ. ಸೋಬಾನೆಗೆ ಬಿಳಿಗೆರೆ ಮಲ್ಲಾಜಮ್ಮ. ಇಪ್ಪತ್ತು ವರ್ಷದಿಂದ ಹುಚ್ಚಯ್ಯನವರ ಮೈಕಿಗೇ ಹಾಡುವವರು.

ಎರಡನೇ ಸಾಲಿಗೇ ಉಸಿರು ತಪ್ಪಿತು. ಮತ್ತೆ ಎತ್ತಿಕೊಂಡರು. ಮತ್ತೆ ತಪ್ಪಿತು. ಹಿಂದೆ ನಿಂತು ಸೊಲ್ಲು ಹೇಳುವ ಹೆಂಗಸರು ಮುಖ ಮುಖ ನೋಡಿಕೊಂಡರು.

"ಅಜ್ಜಿ ಬ್ಯಾಟ್ರಿ ಡೌನು ಕಣ್ಲಾ!" ಗಂಡಿನ ಕಡೆಯವನೊಬ್ಬ ಕೂಗಿದ. ಛತ್ರವೆಲ್ಲ ನಗು. ನಾನೂ ನಕ್ಕೆ.

ಮಲ್ಲಾಜಮ್ಮ ಮೈಕ್ ಕೆಳಗಿಟ್ಟು, ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಇಳಿದುಹೋದರು.

"ಏನಾಯ್ತ್ಲಾ?" ಅಂದರು ಹುಚ್ಚಯ್ಯ.

"ವಯಸ್ಸಾಯ್ತು ಸಾ ಅವ್ರಿಗೆ."

ನವೆಂಬರ್ 20

ಮಲ್ಲಾಜಮ್ಮ ನಮ್ಮ ಪೆಟ್ಟಿಗೆಗೆ ಹಾಡಿದ್ದ ಹಳೇ ಕ್ಯಾಸೆಟ್ ಕೇಳಿದೆ. ಸಾಲು ಮುಗಿಸಿ ಕಾಯುತ್ತಾರೆ. ಮೂರನೇ ಮರುದನಿ ಬಂದ ಮೇಲೆಯೇ ಮುಂದಿನ ಸಾಲು. ಆ ತಡದಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ. ನಾನು ದೋಷ ಅಂತ ಕತ್ತರಿಸಿದ್ದು ಅವರ ಉಸಿರನ್ನು.

ಮಾಡದ ತಪ್ಪಿಗೆ ಕ್ಷಮಾಪಣೆ ಪತ್ರ ಬರೆಯಲ್ಲ ಅಂತ ಒಂಬತ್ತನೇ ಕ್ಲಾಸಿಗೆ ಸ್ಕೂಲ್ ಬಿಟ್ಟವನು ನಾನು. ದೊಡ್ಡ ಸತ್ಯವಂತ. ಥೂ.

ಡಿಸೆಂಬರ್ 6

"ಇನ್ಮ್ಯಾಕೆ ಸೋಬಾನೆಗೆ ಸಿ.ಡಿ. ಆಕ್ಬುಡು" ಅಂದರು ಹುಚ್ಚಯ್ಯ. "ಮಲ್ಲಾಜಮ್ಮ ಇನ್ ಬರಕಿಲ್ವಂತೆ. ದನಿ ಓಯ್ತು ಅಂತ ಯೇಳ್ಕಳ್ಸವ್ಳೆ."

ಹೂಂ ಅಂದೆ. ಬರೀ ಹೂಂ.

ಜನವರಿ 28, 2007. ಸಂಜೆ

ಬಿಳಿಗೆರೆಗೆ ಹೋಗಿದ್ದೆ. ಎರಡನೇ ಸಲ. ಹೋದ ಸಲ ಬಸ್ ಸ್ಟಾಂಡಿನಿಂದಲೇ ವಾಪಸ್. ಈ ಸಲ ಕಂಪ್ಯೂಟರ್, ಮೈಕ್, ಸ್ಪೀಕರ್ ಎಲ್ಲ ಆಟೋದಲ್ಲಿ. ತೆಗೆದಿದ್ದ ಎಳೆತ ವಾಪಸ್ ಸೇರಿಸಿದ್ದೆ.

ಮಲ್ಲಾಜಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. "ಇದ್ಯಾಕ್ ತಂದ್ಯಪ್ಪ? ನನ್ ಗಂಟ್ಲು ಸತ್ತೋಯ್ತು."

"ಒಂದೇ ಸಾಲು, ಅಜ್ಜಿ."

ಹಾಡಿದರು. ಕಾದರು. ಮೂರನೆಯದು ಎಳೆದುಕೊಂಡು ಬಂತು. ಉಸಿರು ತೆಗೆದುಕೊಂಡು ಮುಂದಿನ ಸಾಲು. ಅದರ ಮುಂದಿನದು. ಪಕ್ಕದ ಮನೆಯಿಂದ ಯಾರೋ ಸೊಲ್ಲು ಸೇರಿಸಿದರು. ಅಜ್ಜಿ ತಟ್ಟನೆ ನಿಲ್ಲಿಸಿ ನನ್ನನ್ನೇ ನೋಡಿದರು.

"ಮದ್ವೇಲೂ ಇದ್ನೇ ಆಕಿದ್ಯಾ, ಮಗಾ?"

ಹೌದು ಅಂದಿದ್ದರೆ ನಾನು ಪಾರು. ಇಲ್ಲ ಅಂದೆ. ಬೆಲ್ಟು, ಕತ್ತರಿಸಿದ್ದು, ವಯಸ್ಸಾಯ್ತು ಅಂದಿದ್ದು... ಎಲ್ಲ ಹೇಳಿದೆ. ಬೈಗುಳಕ್ಕೆ ಕಾದೆ.

"ಅಂಗಾರೆ ನನ್ ಗಂಟ್ಲು ನೆಟ್ಗದೆ!" ಅಂತ ಅವರು ಮೊರ ತಟ್ಟಿ ನಕ್ಕರು. ಬೈದಿದ್ದರೆ ವಾಸಿಯಿತ್ತು. ಮದುವೆಯಲ್ಲಿ ನಾನೂ ನಕ್ಕಿದ್ದು ಇನ್ನೂ ಹೇಳಿರಲಿಲ್ಲ. ಅವರು ಆಗಲೇ ಹೊಸ ಸಾಲು ಎತ್ತಿಕೊಂಡಿದ್ದರು. ಮುಗಿಯಲಿ ಅಂತ ಕಾದೆ. ಮೊದಲನೇ ಮರುದನಿ. ಎರಡನೆಯದು. ಮೂರನೆಯದು ಬರುವಷ್ಟರಲ್ಲಿ ಬಾಯಿ ತೆರೆದೆ. "ಅಜ್ಜಿ, ಅವತ್ತು ನಾನೂ—"